ಹಾಸಿಗೆ ಒದ್ದೆಯಾದರೆ ಮಗುವಿಗೆ ಬೈಯಬೇಡಿ

ಸಂಪಾದಕರಿಗೆ ನಮಸ್ಕಾರ.

ಪತ್ರಿಕೆಗೆ ನಾನು ಪತ್ರ ಬರೆಯುತ್ತಿರುವುದು ಇದೇ ಮೊದಲು. ರಸ್ತೆ, ಕರೆಂಟು, ಬಸ್ಸು, ಅಡಿಕೆ ದರ ಅಂತ ನಿಮಗೆ ದಿನಾ ಪತ್ರ ಬರುತ್ತವೆ. ನಾನು ಬರೆಯುತ್ತಿರುವುದು ಮಕ್ಕಳು ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳುವುದರ ಬಗ್ಗೆ. ಇದನ್ನೆಲ್ಲ ಯಾರಾದರೂ ಪೇಪರಿಗೆ ಬರೀತಾರಾ ಅಂತ ನಮ್ಮ ಮನೆಯಲ್ಲೇ ಕೇಳಿದರು. ಆದರೆ ಯಾರೂ ಬಾಯಿ ಬಿಡದೆ ಇರುವುದರಿಂದಲೇ ನನ್ನ ಮಗ ಒಂದು ವರ್ಷ ಸುಮ್ನೆ ನೋವು ತಿಂದ, ನಾನೂ ತಿಂದೆ. ಬೇರೆ ಮನೆಯಲ್ಲಿ ಹಾಗಾಗುವುದು ಬೇಡ ಅಂತ ಬರೆಯುತ್ತಿದ್ದೇನೆ.

ನನ್ನ ತವರು ಅಂಕೋಲಾ, ಗಂಡನ ಮನೆ ಶಿರಸಿ ಹತ್ತಿರದ ಹಳ್ಳಿ. ಮಗನಿಗೆ ಈಗ ಏಳು ವರ್ಷ. ಹಗಲು ಹೊತ್ತಿನಲ್ಲಿ ಅವನು ಎರಡೂವರೆ ವರ್ಷಕ್ಕೇ ಹೇಳಿ ಹೋಗುವುದನ್ನು ಕಲಿತಿದ್ದ. ಅಂಗನವಾಡಿಯಲ್ಲಿ ಒಂದು ದಿನವೂ ಚಡ್ಡಿ ಒದ್ದೆ ಮಾಡಿಕೊಂಡವನಲ್ಲ. ರಾತ್ರಿ ಮಾತ್ರ ವಾರದಲ್ಲಿ ಐದಾರು ದಿನ ಹಾಸಿಗೆ ಒದ್ದೆ. ಹಗಲು ಬರುತ್ತದೆ ಅಂದ ಮೇಲೆ ರಾತ್ರಿ ಯಾಕೆ ಬರಲ್ಲ, ಇದು ಬರೀ ಸೋಮಾರಿತನ ಅಂತ ಎಲ್ಲರೂ ಹೇಳಿದರು. ನಾನೂ ಹಾಗೇ ನಂಬಿದ್ದೆ.

ಹೋದ ವರ್ಷ ಮೇ ತಿಂಗಳಲ್ಲಿ ನೆಂಟರ ಮನೆಯಲ್ಲಿ ಒಂದು ಉಪನಯನ. ಹಿಂದಿನ ದಿನವೇ ಹೋಗಿದ್ದೆವು. ಮಕ್ಕಳಿಗೆಲ್ಲ ಮೆತ್ತಿನ ಮೇಲೆ ಸಾಲಾಗಿ ಜಮಖಾನ ಹಾಸಿ ಮಲಗಿಸಿದ್ದರು. ಬೆಳಿಗ್ಗೆ ಉಳಿದ ಮಕ್ಕಳೆಲ್ಲ ಎದ್ದು ಕೆಳಗೆ ತೆಳ್ಳೇವು ತಿನ್ನಲು ಓಡಿದರೂ ನನ್ನ ಮಗ ಇಳಿಯಲಿಲ್ಲ. ಹೋಗಿ ನೋಡಿದರೆ ಒದ್ದೆ ಜಾಗದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ, ತೊಡೆಯ ಮೇಲೆ ಶಾಲು ಹರಡಿಕೊಂಡು, ಎರಡೂ ಕೈಯಲ್ಲಿ ಅದರ ಅಂಚು ಬಿಗಿಯಾಗಿ ಒತ್ತಿ ಹಿಡಿದು. ಎದ್ದರೆ ಕಾಣುತ್ತದೆ ಅಂತ ಒಂದು ಗಂಟೆಯಿಂದ ಹಾಗೇ ಕೂತಿದ್ದನಂತೆ. ಅಷ್ಟರಲ್ಲಿ ಜಮಖಾನ ಮಡಿಸಲು ಬಂದ ಹಿರಿಯರೊಬ್ಬರು ನೋಡಿದರು. "ಶಾಲೆಗೆ ಹೋಪ ಮಾಣಿ, ಇನ್ನೂ ಹಾಸಿಗೇಲಿ ಉಚ್ಚೆ ಹೊಯ್ತ!" ಅಂತ ಮೆತ್ತಿನ ಮೇಲಿಂದಲೇ ಜೋರಾಗಿ ಹೇಳಿದರು. ಕೆಳಗಿದ್ದ ಮಕ್ಕಳೆಲ್ಲ ನಕ್ಕರು. ದೊಡ್ಡವರೂ ನಕ್ಕರು. ನಾನು ಏನು ಮಾಡಿದೆ ಗೊತ್ತಾ? ಎಲ್ಲರ ಎದುರು ಅವನ ಬೆನ್ನಿಗೆ ಒಂದು ಕೊಟ್ಟೆ. ಅವನು ಅಳಲಿಲ್ಲ. "ಆಯಿ, ಆನು ಬೇಕು ಹೇಳಿ ಮಾಡಿದ್ದಲ್ಲ" ಅಂದ, ಅಷ್ಟೇ.

ಆಮೇಲೆ ಆ ರಜೆಯಲ್ಲಿ ಅಂಕೋಲೆಯ ಅಜ್ಜನ ಮನೆಗೂ ಬರಲ್ಲ ಅಂದ. ಸಮುದ್ರ ಅಂದರೆ ಪ್ರಾಣ ಬಿಡುವ ಹುಡುಗ ಅವನು. ಆಗ ನನಗೆ ಭಯ ಆಯಿತು, ಶಿರಸಿಯಲ್ಲಿ ಮಕ್ಕಳ ವೈದ್ಯರ ಹತ್ತಿರ ಕರೆದುಕೊಂಡು ಹೋದೆ.

ಅಲ್ಲಿ ಮೊದಲು ಗೊತ್ತಾಗಿದ್ದು ಇದು. ಐದು ವರ್ಷ ತುಂಬುವವರೆಗೆ ರಾತ್ರಿ ಒದ್ದೆಯಾಗುವುದನ್ನು ವೈದ್ಯರು ತೊಂದರೆ ಅಂತಲೇ ಲೆಕ್ಕ ಹಿಡಿಯುವುದಿಲ್ಲ. ಐದು ವರ್ಷದ 100 ಮಕ್ಕಳಲ್ಲಿ ಸುಮಾರು 15 ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ. ಹಾಗೆ ಮಾಡುವವರಲ್ಲಿ ಪ್ರತಿ ವರ್ಷ 100ಕ್ಕೆ ಸುಮಾರು 15 ಮಕ್ಕಳಿಗೆ ಯಾವ ಔಷಧಿಯೂ ಇಲ್ಲದೆ ತಾನಾಗಿಯೇ ನಿಲ್ಲುತ್ತದೆ. ಅಂದರೆ ಒಂದನೇ ಕ್ಲಾಸಿನಲ್ಲಿ 20 ಮಕ್ಕಳಿದ್ದರೆ ನಮ್ಮ ಮಗುವಿನ ಜೊತೆ ಇನ್ನೊಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ. ಗಂಡು ಮಕ್ಕಳಲ್ಲಿ ಇದು ಸ್ವಲ್ಪ ಜಾಸ್ತಿ. ಎಲ್ಲ ತಾಯಂದಿರೂ ಬೆಳಿಗ್ಗೆ ಬೇಗ ಎದ್ದು ಯಾರಿಗೂ ಕಾಣದ ಹಾಗೆ ಬಟ್ಟೆ ಒಗೆದು ಹಾಕುತ್ತೇವೆ, ಹಾಗಾಗಿ ನಮ್ಮ ಮನೆಯಲ್ಲಿ ಮಾತ್ರ ಹೀಗೆ ಅಂತ ಎಲ್ಲರಿಗೂ ಅನ್ನಿಸುತ್ತದೆ.

ಹಗಲು ಒಂದಕ್ಕೆ ಹೋಗುವುದು ಕಲಿತುಕೊಳ್ಳುವ ವಿಷಯ. ರಾತ್ರಿಯದು ಹಾಗಲ್ಲ, ಮೈ ಬೆಳೆದು ಬರಬೇಕು. ನಿದ್ದೆಯಲ್ಲಿ ನಮ್ಮೆಲ್ಲರ ಮೆದುಳಿನಿಂದ ವಾಸೊಪ್ರೆಸಿನ್ ಅನ್ನುವ ಒಂದು ಹಾರ್ಮೋನು ಹೆಚ್ಚಾಗಿ ಹೊರಡುತ್ತದಂತೆ, ಅದು ರಾತ್ರಿ ಹೊತ್ತು ಮೂತ್ರ ಕಡಿಮೆ ಮಾಡು ಅಂತ ಕಿಡ್ನಿಗೆ ಹೇಳುತ್ತದೆ. ಕೆಲವು ಮಕ್ಕಳಲ್ಲಿ ಅದು ರಾತ್ರಿ ಅಷ್ಟು ಹೆಚ್ಚಲು ಇನ್ನೂ ಶುರುವಾಗಿರುವುದಿಲ್ಲ. ಕೆಲವರಿಗೆ ಮೂತ್ರಕೋಶ ಚಿಕ್ಕದು, ಇಲ್ಲವೇ ಪೂರ್ತಿ ತುಂಬುವ ಮೊದಲೇ ಹಿಂಡುತ್ತದೆ. ಇನ್ನು ಮೂರನೆಯದು ಎಚ್ಚರ ಆಗದೆ ಇರುವುದು. ದೊಡ್ಡವರಿಗಾದರೆ ಮೂತ್ರಕೋಶ ತುಂಬಿತು ಅಂದ ಕೂಡಲೇ ಎಚ್ಚರ ಆಗುತ್ತದೆ, ಈ ಮಕ್ಕಳ ಮೆದುಳಿಗೆ ಆ ಸುದ್ದಿ ಇನ್ನೂ ಮುಟ್ಟುವುದಿಲ್ಲ. ನಿದ್ದೆಯಲ್ಲಿ ಆಗುವುದಕ್ಕೆ ಮಗು ಹೇಗೆ ಹೊಣೆ ಆಗುತ್ತದೆ ಹೇಳಿ. ಬೈದರೆ, ಹೊಡೆದರೆ, ಬರೆ ಹಾಕುತ್ತೇನೆ ಅಂತ ಹೆದರಿಸಿದರೆ ಹಾರ್ಮೋನು ಬರುವುದಿಲ್ಲ. ಮಗು ಮಲಗಲು ಹೆದರುತ್ತದೆ, ಅಷ್ಟೇ.

ಮನೆಯಲ್ಲಿ ಯಾರಿಗಾದರೂ ಚಿಕ್ಕವರಿದ್ದಾಗ ಹೀಗಿತ್ತಾ ಅಂತ ವೈದ್ಯರು ಕೇಳಿದ್ದರು. ಇಲ್ಲ ಅಂದು ಬಂದಿದ್ದೆ. ಮನೆಗೆ ಬಂದು ಅತ್ತೆಯವರ ಹತ್ತಿರ ಹೇಳಿದೆ. ಅವರು ಜಗಲಿಯಲ್ಲಿ ಕೂತು ಉಪ್ಪಿನಕಾಯಿಗೆ ಅಪ್ಪೆಮಿಡಿ ಆರಿಸುತ್ತಿದ್ದರು. ಪೆಟ್ಟಾದ ಮಿಡಿ ಒಂದು ಕಡೆ, ಒಳ್ಳೆಯದು ಒಂದು ಕಡೆ. ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ನಿನ್ನ ಗಂಡನದು ಮೂರನೇ ಕ್ಲಾಸು ಮುಗಿಯುವವರೆಗೂ ಇದೇ ಕಥೆ ಆಗಿತ್ತು ಅಂದರು. ಅವರ ಅತ್ತೆ ಇದೇ ಕಾರಣಕ್ಕೆ ಅವರಿಗೆ ವರ್ಷಗಟ್ಟಲೆ ಅನ್ನುತ್ತಿದ್ದರಂತೆ, ಅದಕ್ಕೇ ಯಾರ ಹತ್ತಿರವೂ ಆ ಮಾತು ಎತ್ತಿರಲಿಲ್ಲವಂತೆ. ಮಗ ಹುಟ್ಟಿ ಆರು ವರ್ಷ ಆದರೂ ಈ ಒಂದು ಮಾತು ನಮ್ಮ ಮನೆಯಲ್ಲಿ ಹೊರಗೆ ಬಂದಿರಲಿಲ್ಲ!

ಇದು ವಂಶದಲ್ಲಿ ಬರುತ್ತದೆ. ತಂದೆ ತಾಯಿಯಲ್ಲಿ ಒಬ್ಬರಿಗೆ ಚಿಕ್ಕವರಿದ್ದಾಗ ಇದ್ದರೆ ಮಗುವಿಗೆ ಬರುವ ಸಾಧ್ಯತೆ 100ಕ್ಕೆ 44, ಇಬ್ಬರಿಗೂ ಇದ್ದರೆ 77 ಅಂತ ಲೆಕ್ಕ ಇದೆ. ಅವತ್ತು ರಾತ್ರಿ ನಮ್ಮವರು ಮಗನನ್ನು ಪಕ್ಕಕ್ಕೆ ಮಲಗಿಸಿಕೊಂಡು, ನನಗೂ ಹೀಗೇ ಆಗುತ್ತಿತ್ತು ಕಣೋ ಅಂದರು. ಅವನು ಎದ್ದು ಕೂತು ಅಪ್ಪನ ಮುಖವನ್ನೇ ನೋಡಿದ. ಆಗ ನಿನಗೆ ಬೈಯುತ್ತಿದ್ದರಾ ಅಂತ ಕೇಳಿದ, ಮತ್ತೆ ಹೇಗೆ ನಿಂತಿತು ಅಂತ ಕೇಳಿದ, ಅದಾಗೇ ನಿಂತಿತು ಅಂದಾಗ ಹೌದಾ ಅಂತ ಮಲಗಿದ. ಇಂಥ ಅಪ್ಪಂದಿರು, ಚಿಕ್ಕಪ್ಪಂದಿರು, ಮಾವಂದಿರು ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಯಲ್ಲಿ ಇದ್ದಾರೋ. ದಯವಿಟ್ಟು ಮಕ್ಕಳಿಗೆ ಹೇಳಿ.

ಇನ್ನು ನಾವು ಏನೇನು ಮಾಡಿದೆವು ಅಂತ ಬರೆಯುತ್ತೇನೆ, ಯಾಕೆಂದರೆ ಸುಮ್ನೆ ಕಾಯಿರಿ ಅಂದರೆ ತಾಯಂದಿರಿಗೆ ಆಗುವುದಿಲ್ಲ, ಮಾಡಲಿಕ್ಕೆ ಏನಾದರೂ ಬೇಕು.

ವೈದ್ಯರು ಮೊದಲು ಹೊಟ್ಟೆ ಮುಟ್ಟಿ ನೋಡಿದರು. ಎಡಗಡೆ ಕೆಳಗೆ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು. ಮಲಬದ್ಧತೆ. ದಿನಾ ಹೋಗುತ್ತಾನಲ್ಲ ಅಂದೆ. ಹೇಗೆ ಹೋಗುತ್ತಾನೆ ಅಂತ ಕೇಳಿದರು. ಆಡಿನ ಹಿಕ್ಕೆ ಥರ ನಾಲ್ಕು ಉಂಡೆ, ಅದೂ ತಿಣುಕಿ ತಿಣುಕಿ. ಒಳಗೆ ಮಲ ತುಂಬಿಕೊಂಡು ಕೂತರೆ ಅದು ಪಕ್ಕದ ಮೂತ್ರಕೋಶವನ್ನು ಒತ್ತುತ್ತದೆ, ಅದಕ್ಕೆ ಹಿಗ್ಗಲು ಜಾಗವೇ ಇರುವುದಿಲ್ಲ. ಮೂತ್ರದ ಅಳತೆ ಬರೆದಿಡಿ ಅಂತಲೂ ಹೇಳಿದ್ದರು. ಒಂದು ಶನಿವಾರ ಭಾನುವಾರ ಅಳತೆಯ ಪ್ಲಾಸ್ಟಿಕ್ ಜಗ್ಗು ಬಚ್ಚಲಲ್ಲಿ ಇಟ್ಟು, ಪ್ರತಿ ಸಲ ಎಷ್ಟು ಅಂತ ಹಳೆ ಕ್ಯಾಲೆಂಡರಿನ ಹಿಂದೆ ಬರೆದೆ. ಮಗುವಿನ ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಅಷ್ಟು ಮಿಲಿಲೀಟರ್ ಹಿಡಿಯಬೇಕು ಅಂತ ಲೆಕ್ಕ. ಆರು ವರ್ಷಕ್ಕೆ 210. ಇವನದು ಹೆಚ್ಚೆಂದರೆ 120 ಬಂತು.

ಹೊಟ್ಟೆ ಸರಿ ಮಾಡಲು ವೈದ್ಯರು ಕೊಟ್ಟ ಔಷಧಿ ಎರಡು ತಿಂಗಳು ಬಿಡದೆ ಕೊಟ್ಟೆವು. ಜೊತೆಗೆ ಬಸಳೆ, ಹರಿವೆ, ಪಪ್ಪಾಯಿ, ಬಾಳೆಹಣ್ಣು. ಬೆಳಿಗ್ಗೆ ತಿಂಡಿ ಆದ ಮೇಲೆ ಅವಸರ ಮಾಡದೆ ಹತ್ತು ನಿಮಿಷ ಕೂರಿಸುವುದು. ಕಮೋಡಿನಲ್ಲಿ ಕೂರುವ ಮಕ್ಕಳಿಗೆ ಕಾಲು ಜೋತಾಡಬಾರದು, ಕೆಳಗೆ ಒಂದು ಮಣೆ ಕೊಡಿ. ಎರಡು ತಿಂಗಳು ಮುಗಿಯುವ ಹೊತ್ತಿಗೆ ವಾರಕ್ಕೆ ಆರು ದಿನ ಒದ್ದೆ ಆಗುತ್ತಿದ್ದದ್ದು ಮೂರಕ್ಕೆ ಇಳಿಯಿತು. ಹಾಸಿಗೆ ಒದ್ದೆಗೂ ಹೊಟ್ಟೆ ಗಟ್ಟಿಯಾಗುವುದಕ್ಕೂ ಸಂಬಂಧ ಇದೆ ಅಂತ ನನಗೆ ಯಾವ ಹಿರಿಯರೂ ಹೇಳಿರಲಿಲ್ಲ. ಎಲ್ಲರೂ ಹೇಳಿದ್ದು ಎಳ್ಳು ಬೆಲ್ಲ ತಿನ್ನಿಸು ಅಂತ. ತಿನ್ನಿಸಿದೆವು, ಮಕ್ಕಳಿಗೆ ಎಳ್ಳು ಬೆಲ್ಲ ಒಳ್ಳೆಯದೇ, ಆದರೆ ಹಾಸಿಗೆಗೆ ಅದರಿಂದ ಏನೂ ಆಗಲಿಲ್ಲ.

ಎರಡನೆಯದು ನೀರು. ಇದರಲ್ಲಿ ನಮ್ಮ ಕಡೆಯ ಊಟದ ಪದ್ಧತಿಯನ್ನು ಸ್ವಲ್ಪ ನೋಡಿಕೊಳ್ಳಬೇಕು. ಮಗನ ನೀರಿನ ಬಾಟಲಿ ಶಾಲೆಯಿಂದ ಹೋದ ಹಾಗೇ ವಾಪಸ್ ಬರುತ್ತಿತ್ತು. ಕೇಳಿದರೆ, ನೀರು ಕುಡಿದರೆ ಉಚ್ಚೆಗೆ ಹೋಗಬೇಕಾಗುತ್ತದೆ, ಅಲ್ಲಿ ಬಾಗಿಲಿಗೆ ಚಿಲಕ ಇಲ್ಲ, ನಲ್ಲಿಯಲ್ಲಿ ನೀರಿಲ್ಲ, ವಾಸನೆ ಅಂದ. ಬೆಳಿಗ್ಗೆಯಿಂದ ಸಂಜೆವರೆಗೆ ಬಿಗಿ ಹಿಡಿದುಕೊಂಡು, ನಾಲ್ಕೂವರೆಗೆ ಮನೆಗೆ ಬಂದವನೇ ಎರಡು ಲೋಟ ಕಷಾಯ. ಆಟ ಆಡಿ ಬಂದು ಒಂದು ಚೊಂಬು ನೀರು. ರಾತ್ರಿ ಊಟಕ್ಕೆ ತಂಬುಳಿ, ಮಜ್ಜಿಗೆ, ಕೊನೆಗೆ ಒಂದು ಲೋಟ ಅಪ್ಪೆಹುಳಿ. ಅಪ್ಪೆಹುಳಿ ಕುಡಿದರೆ ಎಂಥ ನಿದ್ದೆ ಬರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಇಡೀ ದಿನದ ನೀರು ಸಂಜೆಯ ನಾಲ್ಕೇ ತಾಸಿನಲ್ಲಿ ಹೊಟ್ಟೆಗೆ ಹೋದರೆ ಅದು ರಾತ್ರಿ ಎಲ್ಲಿಗೆ ಹೋಗಬೇಕು? ತವರಿಗೆ ಹೋದರೆ ಅಲ್ಲಿ ಸಂಜೆ ಎಳನೀರು, ಕಲ್ಲಂಗಡಿ, ಮುರುಗಲು ಪಾನಕ. ಕೆಲವು ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಸಂಜೆ ಚಹಾ ಕೊಡುತ್ತಾರೆ. ಚಹಾ, ಕಾಫಿ, ಕೋಲಾ ಈ ಮಕ್ಕಳಿಗೆ ಬೇಡವೇ ಬೇಡ, ಅದರಲ್ಲಿರುವ ಕೆಫೀನ್ ಮೂತ್ರವನ್ನು ಹೆಚ್ಚಿಸುತ್ತದೆ.

ಹಾಗಂತ ನೀರು ಕೊಡದೆ ಇರಬೇಡಿ. ಎಷ್ಟೋ ಮನೆಯಲ್ಲಿ ಸಂಜೆ ಆರರ ಮೇಲೆ ಮಗು ನೀರು ಕೇಳಿದರೂ ಕೊಡುವುದಿಲ್ಲ, ಅದು ತಪ್ಪು. ನಾಲ್ಕರಿಂದ ಎಂಟು ವರ್ಷದ ಮಗುವಿಗೆ ದಿನಕ್ಕೆ 1,000ದಿಂದ 1,400 ಮಿಲಿಲೀಟರ್ ಬೇಕೇ ಬೇಕು, ಸೆಕೆಯಲ್ಲಿ ಇನ್ನೂ ಜಾಸ್ತಿ. ಅದನ್ನು ಹಂಚಬೇಕು. ದಿನದ ನೂರು ಪಾಲಿನಲ್ಲಿ 40 ಪಾಲು ಮಧ್ಯಾಹ್ನದ ಒಳಗೆ, 40 ಪಾಲು ಮಧ್ಯಾಹ್ನದಿಂದ ಸಂಜೆ ಐದರವರೆಗೆ, ಉಳಿದ 20 ಐದರ ಮೇಲೆ. ಹಗಲು ಚೆನ್ನಾಗಿ ಕುಡಿದು ಎರಡು ಮೂರು ಗಂಟೆಗೊಮ್ಮೆ ಹೋದರೆ ಮೂತ್ರಕೋಶವೂ ಸರಿಯಾಗಿ ತುಂಬುವುದು, ಖಾಲಿ ಆಗುವುದು ಕಲಿಯುತ್ತದೆ. ಈ ವಿಷಯ ಅಕ್ಕೋರ ಹತ್ತಿರ ಹೋಗಿ ಮಾತಾಡಿದೆ. ಅವರು ಮರುದಿನದಿಂದಲೇ ಹನ್ನೊಂದಕ್ಕೆ ಒಂದು ಸಲ, ಎರಡು ಗಂಟೆಗೆ ಒಂದು ಸಲ ಇಡೀ ಕ್ಲಾಸಿಗೆ ನೀರು ಕುಡಿಸಿ ಹೊರಗೆ ಬಿಡಲು ಶುರು ಮಾಡಿದರು, ಚಿಲಕವೂ ಬಂತು. ಕೇರಳದ ಶಾಲೆಗಳಲ್ಲಿ 2019ರಲ್ಲಿ ನೀರು ಕುಡಿಯಲು ಅಂತಲೇ ಗಂಟೆ ಹೊಡೆಯುವುದು ಶುರುವಾಗಿ ಸುದ್ದಿಯಾಗಿತ್ತು. ನಮ್ಮ ಎಲ್ಲ ಶಾಲೆಯಲ್ಲೂ ಆ ಗಂಟೆ ಹೊಡೆಯಲಿ, ಜೊತೆಗೆ ಶೌಚಾಲಯಕ್ಕೆ ಒಂದು ಚಿಲಕ, ಒಂದು ಬಕೆಟ್ ನೀರು ಇರಲಿ.

ಮಲಗುವಾಗ ಎರಡು ಸಲ ಕಳಿಸುತ್ತೇವೆ. ಹಲ್ಲು ಉಜ್ಜುವಾಗ ಒಂದು ಸಲ, ಕಥೆ ಮುಗಿದು ದೀಪ ಆರಿಸುವ ಮೊದಲು ಇನ್ನೊಂದು ಸಲ. ನಮ್ಮ ಹಳೇ ಮನೆಗಳಲ್ಲಿ ಬಚ್ಚಲು ಹಿಂದುಗಡೆ, ಶೌಚಾಲಯ ಇನ್ನೂ ಆಚೆ, ಮಧ್ಯೆ ಕತ್ತಲು, ಮಳೆ, ಮರದ ಸದ್ದು. ಮಗುವಿಗೆ ಅರೆ ಎಚ್ಚರ ಆದರೂ ಎದ್ದು ಹೋಗಲು ಹೆದರಿಕೆ. ಅದಕ್ಕೆ ಕೋಣೆಯ ಮೂಲೆಯಲ್ಲೇ ಮುಚ್ಚಳ ಇರುವ ಒಂದು ಬಕೆಟ್ ಇಟ್ಟೆವು, ದಿಂಬಿನ ಹತ್ತಿರ ಅವನದೇ ಒಂದು ಬ್ಯಾಟರಿ. ಕರೆಂಟು ಹೋದರೂ ಅವನಿಗೆ ಈಗ ಯೋಚನೆ ಇಲ್ಲ.

ರಾತ್ರಿ ಹನ್ನೊಂದಕ್ಕೆ ಎಬ್ಬಿಸಿ ಕರೆದುಕೊಂಡು ಹೋಗುವುದು ಎಲ್ಲರೂ ಮಾಡುವ ಕೆಲಸ. ನಾನೂ ವರ್ಷಗಟ್ಟಲೆ ಮಾಡಿದ್ದೇನೆ, ತೂಕಡಿಸುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಶ್ ಶ್ ಅನ್ನುತ್ತಾ ನಿಲ್ಲುವುದು. ಅದರಿಂದ ಆ ರಾತ್ರಿಯ ಹಾಸಿಗೆ ಉಳಿಯಬಹುದು, ಆದರೆ ತಾನಾಗಿ ಏಳುವುದನ್ನು ಮಗು ಅದರಿಂದ ಕಲಿಯುವುದಿಲ್ಲ. ಪ್ರಯಾಣಕ್ಕೋ ನೆಂಟರ ಮನೆಗೋ ಹೋದಾಗ ಮಾಡಿ, ದಿನಾ ನಿಮ್ಮ ನಿದ್ದೆ ಕೆಡಿಸಿಕೊಳ್ಳಬೇಡಿ. ರಾತ್ರಿ ಡೈಪರ್ ಹಾಕಿದರೆ ಕೆಟ್ಟ ಅಭ್ಯಾಸ ಆಗುತ್ತದೆ ಅಂತ ಹೆದರುವವರೂ ಇದ್ದಾರೆ. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವ ರಾತ್ರಿ ಹಾಕಿದರೆ ಮಗುವಿಗೂ ಸಮಾಧಾನ, ನಿಮಗೂ ಸಮಾಧಾನ.

ಒಂದು ತಪ್ಪು ನಾವು ಮಾಡಿದ್ದನ್ನು ಹೇಳಲೇಬೇಕು. ಯಾರೋ ಹೇಳಿದರು ಅಂತ, ಒದ್ದೆ ಆಗದ ದಿನ ಕ್ಯಾಲೆಂಡರಿನಲ್ಲಿ ಒಂದು ನಕ್ಷತ್ರ ಅಂಟಿಸುವುದು, ಹತ್ತು ನಕ್ಷತ್ರ ಆದರೆ ಸೈಕಲ್ ಅಂತ ಮಾಡಿದೆವು. ಹದಿನೈದು ದಿನದಲ್ಲಿ ಎರಡು ನಕ್ಷತ್ರ ಬಂತು. ಒಂದು ದಿನ ನೋಡಿದರೆ ಕ್ಯಾಲೆಂಡರಿನ ಆ ಹಾಳೆಯೇ ಇಲ್ಲ, ಹರಿದು ಬಚ್ಚಲೊಲೆಗೆ ಹಾಕಿದ್ದ. ಅವನ ಕೈಯಲ್ಲಿ ಇಲ್ಲದ ಕೆಲಸಕ್ಕೆ ನಾವು ಬಹುಮಾನ ಇಟ್ಟಿದ್ದೆವು. ಆಮೇಲೆ ವೈದ್ಯರು ಹೇಳಿದ ಮೇಲೆ, ಶಾಲೆಯಲ್ಲಿ ನೀರು ಕುಡಿದಿದ್ದಕ್ಕೆ, ಮಲಗುವ ಮೊದಲು ಹೋಗಿ ಬಂದಿದ್ದಕ್ಕೆ, ಬೆಳಿಗ್ಗೆ ಒದ್ದೆ ಬಟ್ಟೆಯನ್ನು ತಾನೇ ತಂದು ಬಕೆಟಿಗೆ ಹಾಕಿದ್ದಕ್ಕೆ ಮೆಚ್ಚುಗೆ ಹೇಳಲು ಶುರು ಮಾಡಿದೆವು. ಬಟ್ಟೆ ತರುವುದು ಶಿಕ್ಷೆ ಆಗಬಾರದು, ಜೊತೆಗೆ ನಾವೂ ಕೈ ಹಾಕಬೇಕು.

ಇನ್ನು ಮಳೆಗಾಲ. ನಮ್ಮ ಜಿಲ್ಲೆಯ ತಾಯಂದಿರಿಗೆ ಇದರ ನಿಜವಾದ ಕಷ್ಟ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಥಂಡಿಗೆ ಬೆವರು ಕಡಿಮೆ, ಉಚ್ಚೆ ಜಾಸ್ತಿ. ಹಾಸಿಗೆ ಒಣಗುವುದಿಲ್ಲ, ಮನೆಯೆಲ್ಲ ವಾಸನೆ. ನಮ್ಮಲ್ಲಿ ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹೊಲಿದ ಒಂದು ಕೌದಿ ಇದೆ, ಹಳೆ ಸೀರೆ, ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಇಟ್ಟು ಹೊಲಿದದ್ದು, ಬೆಚ್ಚಗೆ ಅಂದರೆ ಬೆಚ್ಚಗೆ. ಹೋದ ಆಷಾಢದಲ್ಲಿ ಅದು ಒಂದು ಸಲ ಒದ್ದೆಯಾಗಿ ಬಚ್ಚಲೊಲೆಯ ಮೇಲೆ ಐದು ದಿನ ತೂಗಾಡಿತು. ಅಲ್ಲಿಂದ ಒಂದು ಉಪಾಯ ಕಲಿತೆ. ಹಾಸಿಗೆಯ ಮೇಲೆ ಮೊದಲು ರಬ್ಬರ್ ಶೀಟು, ಅದರ ಮೇಲೆ ಹಳೆ ಹತ್ತಿ ಸೀರೆ ನಾಲ್ಕು ಮಡಿಕೆ. ಅದರ ಮೇಲೆ ಮತ್ತೆ ಒಂದು ರಬ್ಬರ್ ಶೀಟು, ಮತ್ತೆ ಒಂದು ಸೀರೆ. ನಡುರಾತ್ರಿ ಒದ್ದೆಯಾದರೆ ಮೇಲಿನ ಜೋಡಿ ತೆಗೆದರೆ ಆಯಿತು, ಕೆಳಗೆ ಒಣ ಹಾಸಿಗೆ ಸಿದ್ಧ ಇರುತ್ತದೆ. ದೀಪ ಹಾಕುವುದು ಬೇಡ, ಮಾತು ಬೇಡ, ಎರಡು ನಿಮಿಷದ ಕೆಲಸ. ಹಳೆ ಸೀರೆ ಮಳೆಗಾಲದಲ್ಲೂ ಒಲೆ ಶಾಖಕ್ಕೆ ಒಂದೇ ದಿನಕ್ಕೆ ಒಣಗುತ್ತದೆ. ಒದ್ದೆ ಬಟ್ಟೆಯನ್ನು ಮೊದಲು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಸೋಪು ಹಾಕಿ. ಬೆಳಿಗ್ಗೆ ಮಗುವಿಗೆ ಸೊಂಟದ ಕೆಳಗಾದರೂ ಬಿಸಿನೀರಲ್ಲಿ ತೊಳೆದು ಶಾಲೆಗೆ ಕಳಿಸಿ. ಒದ್ದೆಯಲ್ಲೇ ಮಲಗಿ ಚರ್ಮ ಕೆಂಪಾಗುವುದು, ಪಕ್ಕ ಕೂತ ಮಗು ವಾಸನೆ ಅಂತ ಮೂಗು ಮುಚ್ಚಿಕೊಳ್ಳುವುದು ಎರಡೂ ತಪ್ಪುತ್ತದೆ.

ಇಷ್ಟಾದರೂ ನಿಲ್ಲದ ಮಕ್ಕಳಿಗೆ ಚಿಕಿತ್ಸೆ ಇದೆ. ನನ್ನ ಅಕ್ಕ ಕುಮಟೆಯಲ್ಲಿದ್ದಾಳೆ, ಅವಳ ಮಗಳಿಗೆ ಒಂಬತ್ತು ವರ್ಷ, ದಿನಾ ಒದ್ದೆ. ಅವಳಿಗೆ ವೈದ್ಯರು ಅಲಾರಾಂ ಬರೆದುಕೊಟ್ಟರು. ಒಳಚಡ್ಡಿಗೆ ಸಿಕ್ಕಿಸುವ ಒಂದು ಚಿಕ್ಕ ಕ್ಲಿಪ್ಪು, ಒಂದು ಹನಿ ತಾಗಿದ ಕೂಡಲೇ ಕೂಗುತ್ತದೆ. ಹತ್ತಿರದ ಅಂಗಡಿಯಲ್ಲಿ ಸಿಗಲಿಲ್ಲ, ಆನ್‌ಲೈನಿನಲ್ಲಿ ತರಿಸಿದರು. ಮೊದಮೊದಲು ಅದರ ಕೂಗಿಗೆ ಮನೆಯವರೆಲ್ಲ ಏಳುತ್ತಿದ್ದರು, ಮಗು ಮಾತ್ರ ಮಲಗೇ ಇರುತ್ತಿತ್ತು. ಅಕ್ಕ ಪ್ರತಿ ಸಲ ಎದ್ದು ಅವಳನ್ನು ಪೂರ್ತಿ ಎಚ್ಚರ ಮಾಡಿಸಿ ನಡೆಸಿಕೊಂಡು ಹೋದಳು. ಮೂರು ವಾರ ಆದ ಮೇಲೆ ಒದ್ದೆಯ ಜಾಗ ಚಿಕ್ಕದಾಗುತ್ತಾ ಬಂತು, ಎರಡು ತಿಂಗಳ ಮೇಲೆ ಅಲಾರಾಂ ಕೂಗುವ ಮೊದಲೇ ಏಳಲು ಶುರು ಮಾಡಿದಳು. ಸತತ 14 ರಾತ್ರಿ ಒಣಗಿದ್ದರೆ ಅಲಾರಾಂ ತೆಗೆಯಬಹುದು. ಬಿಡದೆ ಬಳಸಿದ ಮೂರು ಮಕ್ಕಳಲ್ಲಿ ಇಬ್ಬರಿಗೆ ಇದು ಫಲ ಕೊಡುತ್ತದೆ. ಆದರೆ ಮನೆಯವರಿಗೆ ಎರಡು ಮೂರು ತಿಂಗಳ ತಾಳ್ಮೆ ಬೇಕು, ಮಗುವಿಗೂ ತನಗೆ ಬೇಕು ಅನ್ನಿಸಿರಬೇಕು. ನನ್ನ ಮಗನಿಗೆ ಸದ್ಯ ಬೇಡ ಅಂತ ಬಿಟ್ಟಿದ್ದೇವೆ.

ಡೆಸ್ಮೊಪ್ರೆಸಿನ್ ಅಂತ ಒಂದು ಮಾತ್ರೆಯೂ ಇದೆ. ಆ ವಾಸೊಪ್ರೆಸಿನ್ ಹಾರ್ಮೋನಿನ ಕೆಲಸವನ್ನೇ ಮಾಡುತ್ತದೆ. ತೆಗೆದುಕೊಂಡ ರಾತ್ರಿ ಕೆಲಸ ಮಾಡುತ್ತದೆ, ಬಿಟ್ಟರೆ ಎಷ್ಟೋ ಮಕ್ಕಳಿಗೆ ಮತ್ತೆ ಶುರು. ಪ್ರವಾಸಕ್ಕೆ, ಕ್ಯಾಂಪಿಗೆ ಹೋಗುವಾಗ ಕೊಡುತ್ತಾರೆ. ಇದನ್ನು ಮಾತ್ರ ಯಾರೋ ಹೇಳಿದರು ಅಂತ ತಂದು ಕೊಡಬೇಡಿ. ಮಾತ್ರೆಯ ಒಂದು ಗಂಟೆ ಮೊದಲಿನಿಂದ ಎಂಟು ಗಂಟೆ ಆಗುವವರೆಗೆ ಮಗು ಹೆಚ್ಚು ನೀರು ಕುಡಿಯಬಾರದು, ಕುಡಿದರೆ ರಕ್ತದಲ್ಲಿ ಉಪ್ಪಿನ ಅಂಶ ಇಳಿದು ಫಿಟ್ಸ್ ಬರುವ ಅಪಾಯ ಇದೆ. ಇದೇ ಕಾರಣಕ್ಕೆ ಈ ಔಷಧಿಯ ಮೂಗಿನ ಸ್ಪ್ರೇಯನ್ನು ಹಾಸಿಗೆ ಒದ್ದೆಗೆ ಬಳಸಬಾರದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲೇ ಹೇಳಿತು.

ಕೆಲವು ಸಲ ಮಾತ್ರ ಕಾಯಲೇಬಾರದು. ಆರು ತಿಂಗಳಿಗಿಂತ ಜಾಸ್ತಿ ರಾತ್ರಿ ಒಣಗಿದ್ದ ಮಗು ಇದ್ದಕ್ಕಿದ್ದ ಹಾಗೆ ಮತ್ತೆ ಒದ್ದೆ ಮಾಡಲು ಶುರು ಮಾಡಿದರೆ ಅದಕ್ಕೆ ಕಾರಣ ಹುಡುಕಬೇಕು. ತಂಗಿ ಹುಟ್ಟಿದ್ದು, ಅಜ್ಜ ತೀರಿಕೊಂಡಿದ್ದು, ಶಾಲೆ ಬದಲಾಗಿದ್ದು, ಶಾಲೆಯಲ್ಲಿ ಯಾರೋ ಹೆದರಿಸಿದ್ದು, ಹೀಗೆ ಮನಸ್ಸಿನ ಕಾರಣ ಇರಬಹುದು, ಮೂತ್ರದ ಸೋಂಕೂ ಇರಬಹುದು. ಅದರ ಜೊತೆ ಮಗು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರೆ, ಚೆನ್ನಾಗಿ ಉಂಡರೂ ಸಣ್ಣ ಆಗುತ್ತಿದ್ದರೆ, ಸುಸ್ತು ಅನ್ನುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ ರಕ್ತದಲ್ಲಿ ಸಕ್ಕರೆ ನೋಡಿಸಿ. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಹೀಗೇ ಶುರುವಾಗುತ್ತದೆ, ಒಂದೆರಡು ವಾರ ತಡ ಮಾಡಿದರೂ ಜೀವಕ್ಕೆ ಅಪಾಯ. ಉಚ್ಚೆಗೆ ಇರುವೆ ಮುತ್ತಲಿ, ಆಮೇಲೆ ನೋಡೋಣ ಅಂತ ಕೂರಬೇಡಿ. ಬೆರಳು ಚುಚ್ಚಿ ನೋಡುವ ಆ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆಗುತ್ತದೆ. ಹಾಗೇ ಉಚ್ಚೆ ಮಾಡುವಾಗ ಉರಿ, ಜ್ವರ, ಉಚ್ಚೆಯಲ್ಲಿ ರಕ್ತ, ಹಗಲೂ ಚಡ್ಡಿ ಒದ್ದೆಯಾಗುವುದು, ಗಂಡು ಮಗುವಿಗೆ ಧಾರೆ ಸರಿಯಾಗಿ ಬಾರದೆ ಹನಿ ಹನಿ ಬರುವುದು, ನಡಿಗೆ ಬದಲಾಗುವುದು, ರಾತ್ರಿ ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟುವುದು, ಇದರಲ್ಲಿ ಯಾವುದಿದ್ದರೂ ತೋರಿಸಿ.

ಸಂಪಾದಕರೇ, ನಿಮ್ಮ ಮೂಲಕ ಎರಡು ಮಾತು ಕೇಳುವುದಿದೆ. ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡದವರು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬಂದು ಹಲ್ಲು, ಕಣ್ಣು, ತೂಕ ಎಲ್ಲ ನೋಡುತ್ತಾರೆ. ಮಲಬದ್ಧತೆ ಇದೆಯಾ, ರಾತ್ರಿ ಒದ್ದೆ ಆಗುತ್ತದಾ ಅಂತ ತಾಯಂದಿರನ್ನು ಪಕ್ಕಕ್ಕೆ ಕರೆದು ಅವರು ಒಂದು ಮಾತು ಕೇಳಲಿ. ಮಗುವಿನ ಎದುರು, ಎಲ್ಲರ ಎದುರು ಬೇಡ. ಎರಡನೆಯದು, ಐದನೇ ಕ್ಲಾಸು ಮುಗಿಸಿ ವಸತಿ ಶಾಲೆಗೆ ಹೋಗುವ ಮಕ್ಕಳದು. ಆ ವಯಸ್ಸಿಗೂ ಕೆಲವರಿಗೆ ನಿಂತಿರುವುದಿಲ್ಲ. ಒಂದೇ ಹಾಲಿನಲ್ಲಿ ಹತ್ತಾರು ಮಕ್ಕಳ ನಡುವೆ ಮಲಗುವ ಹನ್ನೊಂದು ವರ್ಷದ ಮಗು ಬೆಳಿಗ್ಗೆ ನನ್ನ ಮಗನ ಹಾಗೇ ಒದ್ದೆಯ ಮೇಲೆ ಕೂತಿರುತ್ತದೆ, ಅಲ್ಲಿ ಆಯಿಯೂ ಇರುವುದಿಲ್ಲ. ವಾರ್ಡನ್ನುಗಳಿಗೆ ಈ ವಿಷಯ ತಿಳಿಸಬೇಕು, ಆ ಮಗುವಿಗೆ ಯಾರೂ ಕೇಳದ ಹಾಗೆ ಒಂದು ರಬ್ಬರ್ ಶೀಟು, ಒಂದು ಜೊತೆ ಹೆಚ್ಚಿನ ಬಟ್ಟೆ ಸಿಗಬೇಕು, ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಮಕ್ಕಳ ವಿಭಾಗ ಇದೆ. ಅಲ್ಲಿಯ ವೈದ್ಯರೊಬ್ಬರಿಂದ ಮಳೆಗಾಲ ಜೋರಾಗುವ ಮೊದಲು ನಿಮ್ಮ ಪತ್ರಿಕೆಯಲ್ಲಿ ಒಂದು ಲೇಖನ ಬರೆಸಿದರೆ ನನ್ನಂಥವರು ಕತ್ತರಿಸಿ ಇಟ್ಟುಕೊಳ್ಳುತ್ತೇವೆ.

ಮಗನಿಗೆ ಈಗಲೂ ವಾರಕ್ಕೆ ಒಂದು ರಾತ್ರಿ ಒದ್ದೆ ಆಗುತ್ತದೆ, ಕೆಲವು ವಾರ ಎರಡು. ಉಳಿದ ದಿನ ಎದ್ದ ಕೂಡಲೇ ಕೈಯಿಂದ ಹಾಸಿಗೆ ಸವರಿ ನೋಡಿ, "ಆಯಿ, ಇವತ್ತು ಒದ್ದೆ ಇಲ್ಲೆ" ಅಂತ ಅಡುಗೆಮನೆಗೇ ಬಂದು ಹೇಳುತ್ತಾನೆ. ಈ ಮೇ ತಿಂಗಳಲ್ಲಿ ಅದೇ ನೆಂಟರ ಮನೆಗೆ ಮತ್ತೆ ಹೋಗಬೇಕಾಯಿತು. ನಾನು ಹೆದರಿಕೊಂಡೇ ಹೋಗಿದ್ದೆ. ರಾತ್ರಿ ಮಲಗಿಸಲು ಮೆತ್ತು ಹತ್ತಿದರೆ, ಮೂಲೆಯಲ್ಲಿ ನಮ್ಮಿಬ್ಬರಿಗೆ ಬೇರೆ ಹಾಸಿಗೆ ಹಾಸಿತ್ತು. ಜಮಖಾನದ ಕೆಳಗೆ ರಬ್ಬರ್ ಶೀಟು, ತಲೆದಸಿಯಲ್ಲಿ ಮಡಿಸಿಟ್ಟ ಎರಡು ಹಳೆ ಪಂಚೆ, ಒಂದು ಬ್ಯಾಟರಿ. ಆ ಮನೆಯ ಅಕ್ಕ ಹಾಸಿಟ್ಟು ಹೋಗಿದ್ದರು. ಯಾರ ಹತ್ತಿರವೂ ಒಂದು ಮಾತು ಆಡಿರಲಿಲ್ಲ.

ಇಂತಿ,
ಒಬ್ಬ ತಾಯಿ
ಶಿರಸಿ ತಾಲ್ಲೂಕು